ಹುಳುಮನೆಯ ಸುಂಡಿಲಿಗೂ ಆಸ್ಟ್ರೇಲಿಯದ ಆಂಟೆಕೈನಸ್‌ಗೂ ಯಾವ ನಂಟು?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ಎರಡು ಎಕರೆ ಹಿಪ್ಪುನೇರಳೆ ಇದೆ, ರೇಷ್ಮೆ ಬೆಳೆಯುತ್ತೇವೆ. ಕಳೆದ ಬೆಳೆಯಲ್ಲಿ ಹುಳು ನಾಲ್ಕನೇ ಜ್ವರದಿಂದ (ಪೊರೆ ಕಳಚುವ ನಿದ್ದೆಯಿಂದ) ಎದ್ದ ರಾತ್ರಿ ಸೊಪ್ಪು ಹಾಕಲು ಹೋದೆವು. ಗೋಡೆಯಂಚಿನಲ್ಲಿ ಒಂದು ಸುಂಡಿಲಿ, ಅದರ ಹಿಂದೆ ಒಂದರ ಬಾಲದ ಬುಡವನ್ನು ಇನ್ನೊಂದು ಕಚ್ಚಿಕೊಂಡ ನಾಲ್ಕು ಮರಿಗಳು ರೈಲಿನಂತೆ ಹೊರಟಿದ್ದವು. ದ್ವಿತೀಯ ಪಿಯುಸಿ ಓದುವ ಮಗಳು ಅದನ್ನು ಮೊಬೈಲ್‌ನಲ್ಲಿ ಸೆರೆಹಿಡಿದಳು. ಮರುದಿನ ಆಸ್ಟ್ರೇಲಿಯದ ಆಂಟೆಕೈನಸ್ ಎಂಬ, ಕಾಂಗರೂವಿನಂತೆ ಹೊಟ್ಟೆಚೀಲದ ಗುಂಪಿಗೆ ಸೇರಿದ ಪ್ರಾಣಿಯ ಚಿತ್ರ ತೋರಿಸಿದಳು. ಅದೇ ಚೂಪು ಮೂತಿ, ಹೆಚ್ಚುಕಡಿಮೆ ಅದೇ ಗಾತ್ರ, ಹೊಟ್ಟೆಗೆ ಮರಿಗಳು ಜೋತುಬಿದ್ದಿದ್ದವು. ‘ಇಂಡಿಯಾ, ಆಸ್ಟ್ರೇಲಿಯ ಹಿಂದೆ ಒಂದೇ ಭೂಖಂಡ. ಸುಂಡಿಲಿ ಹೊಟ್ಟೆಚೀಲ ಕಳೆದುಕೊಂಡ ಅದರ ನಂಟನೇ ಇರಬೇಕು’ ಎಂಬುದು ಅವಳ ವಾದ. ಟ್ಯೂಷನ್ ನೋಟ್ಸ್‌ನಲ್ಲಿ ಹೊಟ್ಟೆಚೀಲದ ಪ್ರಾಣಿಗಳು ಅರೆಬೆಳೆದ, ಹಿಂದುಳಿದ ಸ್ತನಿಗಳು ಎಂದಿದೆ. ಒಂದು ಸುಂಡಿಲಿ ಹಿಡಿದು ಡಿಎನ್‌ಎ ಪರೀಕ್ಷೆಗೆ ಕಳಿಸಿದರೆ ನಿಜ ತಿಳಿಯುವುದೇ? ಅವಳು ನೀಟ್ ಬಿಟ್ಟು ಇದನ್ನೇ ಓದುತ್ತೇನೆ ಎನ್ನುತ್ತಿದ್ದಾಳೆ, ನನಗೆ ದಿಗಿಲು. ಮನೆಯಾಕೆ ಸುಂಡಿಲಿಗೆ ವಿಷ ಇಡೋಣ ಎನ್ನುತ್ತಾಳೆ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಹೆಣೆದುಕೊಂಡಿವೆ: ಮಗಳ ವಾದ ಸರಿಯೇ, ಮಗಳ ದಾರಿ ಸರಿಯೇ, ಸುಂಡಿಲಿಯನ್ನು ಏನು ಮಾಡುವುದು. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಡುತ್ತೇನೆ. ಸಣ್ಣ ಸ್ತನಿಗಳ ಡಿಎನ್‌ಎ ಓದುವುದೇ ನನ್ನ ಕಸುಬು, ಇಂಥ ಪ್ರಶ್ನೆ ವರ್ಷಕ್ಕೊಂದು ಬಂದರೆ ಹೆಚ್ಚು.

ನಂಟು ಇದೆ, ಆದರೆ ಬಹಳ ದೂರದ್ದು. ಸುಂಡಿಲಿಗೂ ಆಂಟೆಕೈನಸ್‌ಗೂ ಕೊನೆಯ ಸಮಾನ ಪೂರ್ವಜ ಬದುಕಿದ್ದು ಸುಮಾರು 16 ಕೋಟಿ ವರ್ಷಗಳ ಹಿಂದೆ. ಅದೇ ಪೂರ್ವಜ ನಿಮಗೂ, ನನಗೂ, ಕೊಟ್ಟಿಗೆಯ ಹಸುವಿಗೂ ಪೂರ್ವಜ. ಆಂಟೆಕೈನಸ್ ಕಡೆಯಿಂದ ನೋಡಿದರೆ ಸುಂಡಿಲಿ ಎಷ್ಟು ದೂರವೋ ಆನೆಯೂ ಅಷ್ಟೇ ದೂರ. ಇನ್ನೊಂದು ವಿಷಯ ಕೇಳಿದರೆ ಮಗಳು ಖಂಡಿತ ಜಗಳಕ್ಕೆ ಬರುತ್ತಾಳೆ: ಸುಂಡಿಲಿ ಇಲಿಯೂ ಅಲ್ಲ. ಅದರ ವಂಶ ಹಸು, ನಾಯಿ, ಬಾವಲಿಗಳಿರುವ ಕೊಂಬೆಗೆ ಸೇರಿದ್ದು. ಮನೆಯ ಇಲಿ ಇರುವುದು ನಮ್ಮ ನಿಮ್ಮ ಕೊಂಬೆಯಲ್ಲಿ. ಹಾಗಾಗಿ ಇಲಿಗೆ ಸುಂಡಿಲಿಗಿಂತ ಮನುಷ್ಯನೇ ಹತ್ತಿರದ ನಂಟ. ಮೂತಿ ನೋಡಿ ನಂಟು ಹೇಳುವವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಿಲ್ಲ.

ಮಗಳು ತಪ್ಪಿದ್ದು ದಡ್ಡತನದಿಂದಲ್ಲ. ಒಂದು ಕಾಲಕ್ಕೆ ಪ್ರಾಣಿಶಾಸ್ತ್ರಜ್ಞರೂ ಹೀಗೇ ತಪ್ಪಿದ್ದರು. ರಾತ್ರಿ ಸಂಚರಿಸುತ್ತ, ಎಲೆಕಸದ ಕೆಳಗೆ ಜೀರುಂಡೆ, ಜಿರಲೆ, ಎರೆಹುಳ ಹುಡುಕಿ ತಿನ್ನುವ ಅಂಗೈಯಗಲದ ಪ್ರಾಣಿಗೆ ಉದ್ದ ಮೂತಿ, ಚೂಪು ಹಲ್ಲು, ಮೂಸುವ ಶಕ್ತಿ ಬೇಕು. ಯಾವ ವಂಶದಿಂದ ಬಂದರೂ ಆ ಬದುಕು ಅದೇ ಆಕಾರವನ್ನು ತಿದ್ದಿ ಕೊಡುತ್ತದೆ. ಮರಿಗಳ ರೈಲಿಗೂ ಹೊಟ್ಟೆಗೆ ಜೋತ ಮರಿಗಳಿಗೂ ಸಂಬಂಧವಿಲ್ಲ. ಸುಂಡಿಲಿಯ ಮರಿಗಳು ತಾಯಿಯ ಗರ್ಭದಲ್ಲಿ ಸುಮಾರು ಒಂದು ತಿಂಗಳು ಕಳೆದು, ಗೂಡಿನಲ್ಲಿ ಬೆಳೆದು, ಜಾಗ ಬದಲಿಸುವಾಗ ಸಾಲು ಹಿಡಿಯುತ್ತವೆ. ಆಂಟೆಕೈನಸ್ ಮರಿಗಳು ಅಕ್ಕಿಕಾಳಿನಷ್ಟಿರುವಾಗಲೇ ಹೊರಬಂದು ಮೊಲೆತೊಟ್ಟನ್ನು ಕಚ್ಚುತ್ತವೆ, ಮುಂದೆ ಹಲವು ವಾರ ಬಿಡುವುದೇ ಇಲ್ಲ. ನಿಮ್ಮ ವಿಡಿಯೊದ್ದು ನಡೆಯುವ ಸಾಲು, ಆ ಚಿತ್ರದ್ದು ಊಟದ ಸಾಲು.

ಭೂಖಂಡದ ವಾದ ಇದಕ್ಕಿಂತ ಗಟ್ಟಿಯಾದದ್ದು. ಇಂಡಿಯಾ, ಆಸ್ಟ್ರೇಲಿಯ, ಅಂಟಾರ್ಕ್ಟಿಕ, ದಕ್ಷಿಣ ಅಮೆರಿಕ, ಆಫ್ರಿಕ ಗೊಂಡ್ವಾನ ಎಂಬ ಹಿಂದಿನ ಮಹಾಭೂಖಂಡದ ತುಂಡುಗಳು ಎಂಬುದು ನಿಜ. ಎಡವಿದ್ದು ಕಾಲದ ಲೆಕ್ಕದಲ್ಲಿ. ನಮ್ಮ ತುಂಡು ಸುಮಾರು 13 ಕೋಟಿ ವರ್ಷಗಳ ಹಿಂದೆಯೇ ಅಂಟಾರ್ಕ್ಟಿಕ ಮತ್ತು ಆಸ್ಟ್ರೇಲಿಯದ ಜೋಡಿಯಿಂದ ಕಳಚಿಕೊಳ್ಳತೊಡಗಿತು. ಹೊಟ್ಟೆಚೀಲದ ಸ್ತನಿಗಳು ದಕ್ಷಿಣ ಅಮೆರಿಕದಿಂದ ಅಂಟಾರ್ಕ್ಟಿಕವನ್ನು ಹಾದು ಆಸ್ಟ್ರೇಲಿಯ ಸೇರಿದ್ದು ಅದಾದ ಎಷ್ಟೋ ಕೋಟಿ ವರ್ಷಗಳ ಮೇಲೆ. ಆಗ ಅಂಟಾರ್ಕ್ಟಿಕದಲ್ಲಿ ಹಿಮವಿರಲಿಲ್ಲ, ಕಾಡಿತ್ತು. ಅಲ್ಲಿನ ಸೀಮೋರ್ ದ್ವೀಪದಲ್ಲಿ ಇಂಥ ಪ್ರಾಣಿಯ ಪಳೆಯುಳಿಕೆ ಸಿಕ್ಕ ಸುದ್ದಿ 1982ರಲ್ಲಿ ಪ್ರಕಟವಾಯಿತು. ಬಸ್ ಹೊರಡುವ ಹೊತ್ತಿಗೆ ನಮ್ಮ ನಿಲ್ದಾಣವೇ ಅಲ್ಲಿರಲಿಲ್ಲ. ಸುಂಡಿಲಿಯ ಕುಟುಂಬವಂತೂ ಉತ್ತರದ ಭೂಖಂಡಗಳಲ್ಲಿ ಹುಟ್ಟಿ ಬೆಳೆದದ್ದು.

‘ಅರೆಬೆಳೆದ, ಹಿಂದುಳಿದ’ ಎಂಬ ನೋಟ್ಸಿನ ಸಾಲನ್ನು ಹೊಡೆದು ಹಾಕಿ. ಎರಡು ವಂಶಗಳೂ ಅದೇ 16 ಕೋಟಿ ವರ್ಷ ನಡೆದು ಬಂದಿವೆ, ಯಾರೂ ದಾರಿಯಲ್ಲಿ ಕೂತಿಲ್ಲ. ಒಂದು ವಂಶ ಗರ್ಭದ ಮೇಲೆ ಹೆಚ್ಚು ಖರ್ಚು ಮಾಡಿತು, ಇನ್ನೊಂದು ಹಾಲಿನ ಮೇಲೆ. ಕಾಂಗರೂ ಒಂದು ಮೊಲೆಯಲ್ಲಿ ಹಸುಗೂಸಿಗೆ ಒಂದು ಬಗೆಯ ಹಾಲು, ಪಕ್ಕದ ಮೊಲೆಯಲ್ಲಿ ಓಡಾಡುವ ಮರಿಗೆ ಬೇರೆ ಬಗೆಯ ಹಾಲು ಕೊಡುತ್ತದೆ. ಇದನ್ನು ಹಿಂದುಳಿದದ್ದು ಎನ್ನಲು ಎದೆಗಾರಿಕೆ ಬೇಕು. ಅವುಗಳಿಗೆ ಮಾಸು ಇಲ್ಲ ಎಂಬುದೂ ತಪ್ಪು. ಇದೆ, ಅದರ ಅವಧಿ ಕಡಿಮೆ. ಚೀಲವೂ ಎಲ್ಲಕ್ಕೂ ಇಲ್ಲ. ಆಂಟೆಕೈನಸ್‌ಗೆ ಇರುವುದು ಚರ್ಮದ ಒಂದು ಮಡಿಕೆ ಅಷ್ಟೇ. ಅದೇ ಗುಂಪಿಗೆ ಸೇರಿದ, ಬ್ರೆಜಿಲ್ ಕಡೆಯ ಮೋಟುಬಾಲದ ಬೂದು ಒಪೋಸಮ್ ಎಂಬ ಪ್ರಾಣಿಗೆ ಅದೂ ಇಲ್ಲ.

ಈಗ ಡಿಎನ್‌ಎ ನಂಟನ್ನು ಹೇಗೆ ಹೇಳುತ್ತದೆ ಎಂಬ ಮಾತು. ತರಗತಿಯಲ್ಲಿ ನಾನು ಓಲೆಗರಿಯ ಉದಾಹರಣೆ ಕೊಡುತ್ತೇನೆ. ಒಂದು ಹಳಗನ್ನಡ ಕಾವ್ಯದ ಹತ್ತು ಪ್ರತಿಗಳು ಸಿಕ್ಕಿವೆ ಎನ್ನಿ. ಯಾವುದು ಯಾವುದರಿಂದ ನಕಲಾಯಿತು ಎಂದು ಸಂಪಾದಕರು ಕಂಡುಹಿಡಿಯುವುದು ಸರಿಯಾದ ಪಾಠಗಳಿಂದಲ್ಲ, ತಪ್ಪುಗಳಿಂದ. ಎಲ್ಲ ಲಿಪಿಕಾರರೂ ಮೊದಲಿಗೆ ‘ಶ್ರೀ’ ಬರೆಯುತ್ತಾರೆ. ಅದರಿಂದ ಎಲ್ಲರೂ ಒಂದೇ ಮನೆಯವರು ಎನ್ನಲಾಗದು. ಆದರೆ ಎರಡು ಪ್ರತಿಗಳಲ್ಲಿ ಅದೇ ಪದ್ಯದ ಅದೇ ಪಾದ ಬಿಟ್ಟುಹೋಗಿದ್ದರೆ ಅವೆರಡಕ್ಕೂ ಮಾತೃಪ್ರತಿ ಒಂದೇ. ಚೂಪು ಮೂತಿ ಎಂಬುದು ಆ ‘ಶ್ರೀ’ಯಂತೆ. ನಮಗೆ ಬೇಕಾದದ್ದು ಹಂಚಿಕೊಂಡ ತಪ್ಪು.

ಜೀನೋಮ್‌ನಲ್ಲಿ, ಅಂದರೆ ಒಂದು ಪ್ರಾಣಿಯ ಇಡೀ ಡಿಎನ್‌ಎ ಗ್ರಂಥದಲ್ಲಿ, ಅಂಥ ತಪ್ಪುಗಳು ಹೇರಳ. ಅವುಗಳಲ್ಲಿ ನನಗೆ ಅಚ್ಚುಮೆಚ್ಚಿನವು ಜಿಗಿಯುವ ತುಣುಕುಗಳು: ತಮ್ಮದೇ ನಕಲು ಮಾಡಿಕೊಂಡು ಇನ್ನೊಂದು ಜಾಗಕ್ಕೆ ನುಸುಳಿ ಕೂರುವ ಡಿಎನ್‌ಎ ಚೂರುಗಳು. ಮುನ್ನೂರು ಕೋಟಿ ಅಕ್ಷರಗಳ ಗ್ರಂಥದಲ್ಲಿ ಅದೇ ಚೂರು ಅದೇ ಅಕ್ಷರದ ಪಕ್ಕ ಎರಡು ಪ್ರಾಣಿಗಳಲ್ಲಿ ಬೇರೆಬೇರೆಯಾಗಿ ನುಸುಳುವ ಸಂಭವ ತೀರಾ ಅಲ್ಪ. ಹಾಗಾಗಿ ಸಿಕ್ಕರೆ ಬಲವಾದ ಸಾಕ್ಷಿ.

ಈ ಸಾಕ್ಷಿ ತೀರ್ಪು ಕೊಟ್ಟ ಒಂದು ಹಳೆಯ ವ್ಯಾಜ್ಯವಿದೆ. ಚಿಲಿ ಮತ್ತು ಅರ್ಜೆಂಟೀನಾದ ತಂಪು ಕಾಡುಗಳಲ್ಲಿ ಮೊನೀಟೊ ಡೆಲ್ ಮಾಂಟೆ ಎಂಬ ಅಂಗೈಗಾತ್ರದ ಪ್ರಾಣಿಯಿದೆ. ಹೆಸರಿಗೆ ‘ಗುಡ್ಡದ ಪುಟ್ಟ ಕೋತಿ’ ಎಂದರ್ಥ. ಕೋತಿಯಲ್ಲ, ಹೊಟ್ಟೆಚೀಲದ ಸ್ತನಿ. ಚಳಿಗಾಲದಲ್ಲಿ ಮುದುಡಿ ನಿದ್ದೆ ಮಾಡುತ್ತದೆ, ಎಚ್ಚರವಿದ್ದಾಗ ಬಂದಳಿಕೆಯ ಹಣ್ಣು ತಿಂದು ಬೀಜ ಹರಡುತ್ತದೆ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಬದನಿಕೆ ಹಕ್ಕಿ ಮಾಡುವ ಕೆಲಸವನ್ನು ಅಲ್ಲಿ ಇದು ಮಾಡುತ್ತದೆ, ರೈತರು ಅದನ್ನು ಬೈಯುತ್ತಾರೋ ಇಲ್ಲವೋ ಕಾಣೆ. ದಕ್ಷಿಣ ಅಮೆರಿಕದಲ್ಲಿರುವುದರಿಂದ ಅದು ಅಲ್ಲಿನ ಒಪೋಸಮ್‌ಗಳ ನಂಟ ಎಂದೇ ಎಲ್ಲರೂ ತಿಳಿದಿದ್ದರು. 1982ರಲ್ಲಿ ಪಳೆಯುಳಿಕೆ ತಜ್ಞ ಫ್ರೆಡರಿಕ್ ಸಲೈ ಅದರ ಹಿಮ್ಮಡಿಯ ಮೂಳೆಗಳನ್ನು ನೋಡಿ, ಇದು ಆಸ್ಟ್ರೇಲಿಯದ ಕಡೆಯದು ಎಂದರು. ಕಾಲಿನ ಎರಡು ಮೂಳೆ ನೋಡಿ ಭೂಖಂಡ ಬದಲಿಸುವುದೇ ಎಂದು ಹುಬ್ಬೇರಿಸಿದವರೇ ಹೆಚ್ಚು.

ಒಪೋಸಮ್‌ನ ಪೂರ್ತಿ ಜೀನೋಮ್ 2007ರಲ್ಲಿ ಪ್ರಕಟವಾಯಿತು. ಹೊಟ್ಟೆಚೀಲದ ಸ್ತನಿಯೊಂದರ ಗ್ರಂಥ ನಮ್ಮ ಕೈಗೆ ಬಂದದ್ದು ಅದೇ ಮೊದಲು. ಅದನ್ನೂ ಕಾಂಗರೂ ಬಳಗದ ವಾಲಬಿಯ ಜೀನೋಮನ್ನೂ ಜಾಲಾಡಿ 2010ರಲ್ಲಿ ಜರ್ಮನಿಯ ತಂಡವೊಂದು ಅಂಥ 53 ಜಿಗಿದ ಚೂರುಗಳ ಗುರುತು ಹಿಡಿಯಿತು. ಆಸ್ಟ್ರೇಲಿಯದ ಹೊಟ್ಟೆಚೀಲದ ಸ್ತನಿಗಳೆಲ್ಲ ಒಂದೇ ಮನೆಯವು, ಮೊನೀಟೊ ಅವುಗಳ ಹತ್ತಿರದ ದಾಯಾದಿ, ಒಪೋಸಮ್‌ಗಳು ಹೊರಗಿನವು ಎಂದು ಅವು ಹೇಳಿದವು. ಹಿಮ್ಮಡಿ ಸುಳ್ಳು ಹೇಳಿರಲಿಲ್ಲ. ಇಲ್ಲಿ ಮೂಳೆ ಮತ್ತು ಡಿಎನ್‌ಎ ಒಂದೇ ಪಕ್ಷ. ಸೋತದ್ದು ನಕಾಶೆ ನೋಡಿ ಮಾಡಿದ ಊಹೆ. ನಿಮ್ಮ ಮಗಳು ಮಾಡಿದ್ದೂ ಅದೇ ಊಹೆ ಅಲ್ಲವೇ?

ಇಷ್ಟಕ್ಕೆ ನಿಲ್ಲಿಸಿದರೆ ಡಿಎನ್‌ಎ ಎಂದೂ ತಪ್ಪುವುದಿಲ್ಲ ಎಂಬ ಇನ್ನೊಂದು ಮಿಥ್ಯೆಯನ್ನು ನಾನೇ ಬಿತ್ತಿದಂತಾಗುತ್ತದೆ. 2022ರಲ್ಲಿ ಮೊನೀಟೊದ ಪೂರ್ತಿ ಜೀನೋಮ್ ಓದಿದಾಗ ಮುಜುಗರದ ಸಂಗತಿಯೊಂದು ಹೊರಬಿತ್ತು. ಒಟ್ಟು ವಂಶವೃಕ್ಷ ಮೇಲೆ ಹೇಳಿದಂತೆಯೇ ಇದೆ. ಆದರೆ ಜೀನೋಮ್‌ನ ಸುಮಾರು ಮೂರನೇ ಒಂದು ಭಾಗವನ್ನು ಮಾತ್ರ ನೋಡಿದರೆ ಮೊನೀಟೊ ಕಾಂಗರೂ ಗುಂಪಿನ ಪಕ್ಕ ಕೂರುತ್ತದೆ, ಆಂಟೆಕೈನಸ್‌ನಂಥವು ಹೊರಗುಳಿಯುತ್ತವೆ. ಮತ್ತೆ ಓಲೆಗರಿಗೇ ಬರುತ್ತೇನೆ. ಮೂಲ ಮಠದಲ್ಲೇ ಒಂದು ಪದ್ಯಕ್ಕೆ ಎರಡು ಪಾಠಾಂತರಗಳು ಜೊತೆಯಲ್ಲಿ ಚಾಲ್ತಿಯಲ್ಲಿದ್ದವು ಎನ್ನಿ. ಬೆನ್ನುಬೆನ್ನಿಗೆ ಮೂರು ನಕಲುಗಳು ಹೊರಟಾಗ ಯಾವ ನಕಲಿಗೆ ಯಾವ ಪಾಠ ಹೋಗುತ್ತದೆ ಎಂಬುದು ಬರೀ ಅದೃಷ್ಟ. ಹೊಟ್ಟೆಚೀಲದ ಸ್ತನಿಗಳ ಈ ಕವಲುಗಳು ಸುಮಾರು 6 ಕೋಟಿ ವರ್ಷಗಳ ಹಿಂದೆ ಹಾಗೇ ಅವಸರವಸರವಾಗಿ ಒಡೆದವು. ಒಂದೇ ಜೀನ್ ಓದಿ ವಂಶ ಹೇಳುವವರ ಮಾತಿಗೆ ನಾನು ಕಿವಿ ನಿಮಿರಿಸದಿರಲು ಇದೇ ಕಾರಣ. ಅಕ್ಷರಗಳ ಬದಲಾವಣೆ ಎಣಿಸಿ ವರ್ಷ ಹೇಳುವ ‘ಅಣು ಗಡಿಯಾರ’ವೂ ತಾನಾಗಿ ಗಂಟೆ ಹೊಡೆಯುವುದಿಲ್ಲ, ಪಳೆಯುಳಿಕೆ ನೋಡಿ ಮುಳ್ಳು ಕೂರಿಸಬೇಕು. ವರ್ಷಕ್ಕೊಂದು ತಲೆಮಾರು ಉರುಳುವ ಸಣ್ಣ ಪ್ರಾಣಿಗಳಲ್ಲಿ ಅದು ದೊಡ್ಡವುಗಳಿಗಿಂತ ಬೇಗ ಓಡುವುದೂ ಉಂಟು.

ಆಂಟೆಕೈನಸ್‌ಗಳ ಕಥೆ ಇನ್ನೂ ಸ್ವಾರಸ್ಯ. ಈ ಪಂಗಡಕ್ಕೆ ಹೆಸರಿಟ್ಟದ್ದು 1841ರಲ್ಲಿ. ಆಮೇಲೆ ನೂರೈವತ್ತು ವರ್ಷ ಮ್ಯೂಸಿಯಂಗಳ ಡ್ರಾಯರ್‌ಗಳಲ್ಲಿ ಕಂದು ಚರ್ಮಗಳು ಒಂದರ ಮೇಲೊಂದು ಬಿದ್ದವು, ಒಂದೇ ಎಂದುಕೊಂಡದ್ದರಲ್ಲಿ ಹಲವು ಅಡಗಿದ್ದವು. 1998ರಲ್ಲಿ ಒಂದು ಪ್ರಭೇದವನ್ನು ಪ್ರೋಟೀನ್ ಮತ್ತು ತಳಿ ವ್ಯತ್ಯಾಸ ನೋಡಿ ಎರಡಾಗಿ ಒಡೆದರು. 2012, 2013, 2014ರಲ್ಲಿ ಆಸ್ಟ್ರೇಲಿಯದ ಪ್ರಾಣಿಶಾಸ್ತ್ರಜ್ಞ ಆಂಡ್ರ್ಯೂ ಬೇಕರ್ ಮತ್ತು ಸಂಗಡಿಗರು ಸಾಲಾಗಿ ಹೊಸವನ್ನು ಹೆಸರಿಸಿದರು. ನ್ಯೂಗಿನಿಯ ಕೆಲವು ಪ್ರಾಣಿಗಳು ಆಂಟೆಕೈನಸ್ ಎಂದೇ ಹೆಸರು ಹೊತ್ತಿದ್ದವು; ಡಿಎನ್‌ಎ ನೋಡಿದಾಗ ಅವು ಆ ದ್ವೀಪದ್ದೇ ಬೇರೆ ಮನೆತನ ಎಂದು ತಿಳಿದು ಪಂಗಡ ಬದಲಾಯಿತು. 2023ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಪಿಲ್ಬರಾ ಪ್ರದೇಶದಿಂದ ಪ್ಲಾನಿಗೇಲ್ ಎಂಬ, ಆಂಟೆಕೈನಸ್‌ಗಿಂತ ಚಿಕ್ಕ ನಂಟರ ಎರಡು ಹೊಸ ಪ್ರಭೇದಗಳು ಬಂದವು. ಅದೇ ಪಂಗಡದ ಅತಿ ಚಿಕ್ಕದು ಐದು ಗ್ರಾಂ ಆಸುಪಾಸು ತೂಗುತ್ತದೆ, ನಿಮ್ಮ ಐದನೇ ಹಂತದ ರೇಷ್ಮೆ ಹುಳುವಿನ ಪಕ್ಕ ಇಟ್ಟು ನೋಡಬಹುದಾದಷ್ಟು.

ಈ ಆಂಟೆಕೈನಸ್‌ನ ಗಂಡುಗಳ ಪಾಡು ಹೇಳದೆ ಮುಂದೆ ಹೋಗಲಾರೆ. ವರ್ಷಕ್ಕೊಮ್ಮೆ ಬರುವ ಕೂಡುವ ಕಾಲ ಮುಗಿಯುತ್ತಿದ್ದಂತೆ ಗಂಡುಗಳೆಲ್ಲ ಸಾಯುತ್ತವೆ, ಒಂದೂ ಉಳಿಯುವುದಿಲ್ಲ. ಒತ್ತಡದ ಹಾರ್ಮೋನು ಉಕ್ಕಿ ರೋಗನಿರೋಧಕ ಶಕ್ತಿ ಕುಸಿದು ಬೀಳುತ್ತದೆ. ಮರಿಗಳು ಹುಟ್ಟುವಾಗ ಊರಲ್ಲಿ ಅಪ್ಪಂದಿರೇ ಇರುವುದಿಲ್ಲ. ಮರಿಗಳ ಡಿಎನ್‌ಎ ಓದಿದ ಮೇಲೆ ಒಂದೇ ಸೂಲಿನ ಮರಿಗಳಿಗೆ ಹಲವು ಅಪ್ಪಂದಿರು ಇರುವುದೂ ತಿಳಿಯಿತು.

ಇನ್ನು ಸುಂಡಿಲಿ ಹಿಡಿದು ಪರೀಕ್ಷೆಗೆ ಕಳಿಸುವ ಮಾತು. ಬೇಡ. ಒಂದೇ ಪ್ರಾಣಿಯ ಮಾದರಿ ಕಳಿಸಿದರೆ ‘ಇದು ಸುಂಡಿಲಿ’ ಎಂಬ ಉತ್ತರ ಬರುತ್ತದೆ, ಅದು ನಿಮಗೆ ಮೊದಲೇ ಗೊತ್ತು. ನಂಟು ತಿಳಿಯುವುದು ಹಲವು ಪ್ರಾಣಿಗಳ ಅಕ್ಷರಸಾಲುಗಳನ್ನು ಪಕ್ಕಪಕ್ಕ ಇಟ್ಟಾಗ ಮಾತ್ರ. ಎರಡನೆಯದು, ಅನುಮತಿಯಿಲ್ಲದೆ ಕಾಡುಪ್ರಾಣಿ ಹಿಡಿದು ಮಾದರಿ ತೆಗೆಯುವ ಅಭ್ಯಾಸ ವಿದ್ಯಾರ್ಥಿಗೆ ಒಳ್ಳೆಯದಲ್ಲ, 1972ರ ವನ್ಯಜೀವಿ ಕಾಯ್ದೆ ಅದಕ್ಕೆ ಅಡ್ಡ ಬರಬಹುದು. ಮೂರನೆಯದು ಆರೋಗ್ಯ. 1964ರಲ್ಲಿ ವೆಲ್ಲೂರಿನ ಬಳಿ ಹಿಡಿದ ಸುಂಡಿಲಿಯಲ್ಲಿ ತೊಟ್ಟಪಾಳಯಂ ಎಂಬ ಹಂಟಾ ವೈರಸ್ ಸಿಕ್ಕಿತು. ಅದು ಮನುಷ್ಯರಿಗೆ ಕಾಯಿಲೆ ತರುವುದು ಕಂಡುಬಂದಿಲ್ಲ, ಗಾಬರಿ ಬೇಡ. ಆದರೂ ಸುಂಡಿಲಿಯ ಮೂತ್ರ, ಹಿಕ್ಕೆ, ಕಡಿತದ ವಿಷಯದಲ್ಲಿ ಕೈಗವಸು ಮತ್ತು ಸೋಪು ಕಡ್ಡಾಯ. ನಾಲ್ಕನೆಯದು ನನ್ನದೇ ಅನುಭವ. ವಿದ್ಯಾರ್ಥಿಯಾಗಿದ್ದಾಗ ಒಂದು ಬಾಲದ ತುದಿಯಿಂದ ಮೂರು ವಾರ ಹೆಣಗಿ ತೆಗೆದ ಡಿಎನ್‌ಎ ಓದಿದರೆ ಅದು ಮನುಷ್ಯನದು. ಬಹುಶಃ ನನ್ನದೇ. ಕೈಗವಸಿನಲ್ಲಿ ತೂತಿತ್ತು.

ಮಗಳಿಗೆ ಅದಕ್ಕಿಂತ ಒಳ್ಳೆಯ ಎರಡು ದಾರಿಗಳಿವೆ. ಕಣಜಗೂಬೆ ಕೂರುವ ಹಳೆಯ ಮಂಟಪವೋ ಪಾಳುಮನೆಯೋ ನಿಮ್ಮ ಕಡೆ ಇದ್ದೇ ಇರುತ್ತದೆ. ಗೂಬೆ ತಿಂದದ್ದರಲ್ಲಿ ಕರಗದ ಮೂಳೆ, ಕೂದಲನ್ನು ಉಂಡೆ ಮಾಡಿ ಕಕ್ಕುತ್ತದೆ. ಗೂಡಿನ ಹತ್ತಿರ ಹೋಗದೆ, ಕೆಳಗೆ ಬಿದ್ದ ಒಣ ಉಂಡೆಗಳನ್ನು ಕೈಗವಸು, ಮುಖಗವಸು ಹಾಕಿ ಎತ್ತಿ, ಸೋಪಿನ ನೀರಿನಲ್ಲಿ ನೆನೆಸಿ ಬಿಡಿಸಲಿ. ಇಲಿಯ ತಲೆಬುರುಡೆಯಲ್ಲಿ ಮೇಲೆರಡು ಕೆಳಗೆರಡು ಉಳಿಯಂಥ ಬಾಚಿಹಲ್ಲು, ಅವುಗಳ ಹಿಂದೆ ಖಾಲಿ ಜಾಗ. ಸುಂಡಿಲಿಯದರಲ್ಲಿ ಮುಂದಿನ ಹಲ್ಲು ಕೊಕ್ಕೆಯಂತೆ ಬಾಗಿರುತ್ತದೆ, ಹಿಂದೆ ಚೂಪು ಹಲ್ಲುಗಳ ಸಾಲು ಬಿಡುವಿಲ್ಲದೆ ಮುಂದುವರಿಯುತ್ತದೆ. ಆಂಟೆಕೈನಸ್‌ನ ಬುರುಡೆಯ ಚಿತ್ರವನ್ನು ಪಕ್ಕದಲ್ಲಿಟ್ಟು ಎಣಿಸಿದರೆ ಮೇಲೆ ಎಂಟು, ಕೆಳಗೆ ಆರು ಸಣ್ಣ ಬಾಚಿಹಲ್ಲುಗಳು. ಕೆಳದವಡೆಯ ಹಿಂದಿನ ಮೂಲೆ ಒಳಗೆ ಮಡಿಚಿರುತ್ತದೆ. ಮೂತಿ ಮುಚ್ಚಿಟ್ಟದ್ದನ್ನು ದವಡೆ ಬಾಯಿಬಿಡುತ್ತದೆ. ಡಿಎನ್‌ಎ ಕಾಲದಲ್ಲೂ ಮೊದಲು ಬುರುಡೆ ಓದಲು ಬಾರದವರನ್ನು ನಾನು ಪ್ರಯೋಗಾಲಯಕ್ಕೆ ಸೇರಿಸಿಕೊಳ್ಳುವುದಿಲ್ಲ.

ಎರಡನೆಯದಕ್ಕೆ ಒಂದು ಕಂಪ್ಯೂಟರ್ ಸಾಕು. ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಭಂಡಾರದಲ್ಲಿ ಸುಂಡಿಲಿ, ಆಂಟೆಕೈನಸ್, ಮೊನೀಟೊ, ಒಪೋಸಮ್, ಇಲಿ, ಹಸು, ಬಾವಲಿ, ಮನುಷ್ಯ ಎಲ್ಲದರ ಅಕ್ಷರಸಾಲುಗಳು ಉಚಿತವಾಗಿ ಸಿಗುತ್ತವೆ. ಸೈಟೋಕ್ರೋಮ್-ಬಿ ಎಂಬ ಮೈಟೋಕಾಂಡ್ರಿಯದ ಜೀನ್ ತೆಗೆದುಕೊಂಡು, ಮೆಗಾ ಎಂಬ ಉಚಿತ ತಂತ್ರಾಂಶದಲ್ಲಿ ಸಾಲುಗೂಡಿಸಿ ವಂಶವೃಕ್ಷ ಬರೆಸಲಿ. ಒಂದು ಎಚ್ಚರಿಕೆ: ಏನು ತುಂಬಿದರೂ ಆ ತಂತ್ರಾಂಶ ಒಂದು ಮರವನ್ನಂತೂ ಬಿಡಿಸಿಯೇ ಕೊಡುತ್ತದೆ. ಹೊರಗುಂಪಾಗಿ, ಅಂದರೆ ಉಳಿದೆಲ್ಲಕ್ಕೂ ದೂರದ ನಂಟನಾಗಿ, ಮೊಟ್ಟೆಯಿಡುವ ಸ್ತನಿಯಾದ ಪ್ಲಾಟಿಪಸ್ ಅನ್ನು ಸೇರಿಸದಿದ್ದರೆ ಬುಡ ಎಲ್ಲಿ ಎಂದೇ ತಿಳಿಯದು. ಈ ಒಂದು ಜೀನ್‌ನಲ್ಲಿ ಅದೇ ಜಾಗದ ಅಕ್ಷರ ಕೋಟಿಗಟ್ಟಲೆ ವರ್ಷಗಳಲ್ಲಿ ಹಲವು ಸಲ ಬದಲಾಗಿ ಹಳೆಯ ಗುರುತು ಅಳಿಸಿರುತ್ತದೆ, ಆದ್ದರಿಂದ ಕೆಲವು ಪ್ರಾಣಿಗಳು ತಪ್ಪು ಕೊಂಬೆಯಲ್ಲಿ ಕೂರಬಹುದು. ಆಗ ಇನ್ನೂ ನಾಲ್ಕು ಜೀನ್ ಸೇರಿಸಿ ಮರ ಹೇಗೆ ಅಲುಗುತ್ತದೆ ಎಂದು ನೋಡಲಿ. ಕೆಲಸದ ಮೊದಲ ವರ್ಷ ನಾನು ಕಲಿತದ್ದೂ ಇಷ್ಟೇ.

ನೀಟ್ ವಿಷಯ. ಬಿಡಬೇಕಾಗಿಲ್ಲ, ಈ ವರ್ಷ ಬರೆಯಲಿ. ಜೊತೆಗೆ ಐಸರ್ ಎಂಬ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಸಂಸ್ಥೆಗಳ ಪ್ರವೇಶ ಪರೀಕ್ಷೆಯನ್ನೂ ಬರೆಯಲಿ, ಓದುವ ಪಾಠ ಬಹುಪಾಲು ಅದೇ. ಆದರೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಪದವಿಯಿಂದ ಪಿಎಚ್‌ಡಿವರೆಗೆ ಹತ್ತು ವರ್ಷ ಹಿಡಿಯುತ್ತದೆ, ಶಿಷ್ಯವೇತನದಲ್ಲಿ ಬದುಕಬೇಕು, ಕೊನೆಗೆ ಸಿಗುವ ಹುದ್ದೆಗಳು ಕಡಿಮೆ. ಅರ್ಧದಾರಿಯಲ್ಲಿ ಬಿಟ್ಟವರು ನನ್ನ ಜೊತೆಯವರಲ್ಲೇ ಇದ್ದಾರೆ. ಅವರಲ್ಲಿ ಹಲವರು ಜೀನೋಮ್ ಮಾಹಿತಿ ವಿಶ್ಲೇಷಣೆಯ ಕೆಲಸ ಹಿಡಿದು ನನಗಿಂತ ಚೆನ್ನಾಗಿದ್ದಾರೆ. ಗಣಿತ ಮತ್ತು ಸಂಖ್ಯಾಶಾಸ್ತ್ರ ಬಿಡದಂತೆ ನೋಡಿಕೊಂಡರೆ ಆ ಬಾಗಿಲು ತೆರೆದಿರುತ್ತದೆ.

ಹೊಟ್ಟೆಚೀಲದ ಸ್ತನಿಗಳಿಗಾಗಿ ಆಸ್ಟ್ರೇಲಿಯಕ್ಕೇ ಹೋಗಬೇಕು ಎಂದು ಅವಳು ಅಂದರೆ, ಕೋಲಾರ ಜಿಲ್ಲೆಯ ಹನುಮನಹಳ್ಳಿಗೆ ಒಮ್ಮೆ ಕರೆದುಕೊಂಡು ಹೋಗಿ, ಗುಹೆಯೊಳಗೆ ಮಾತ್ರ ಬೇಡ. ಅಲ್ಲಿನ ಗುಹೆಯಲ್ಲಿರುವ ಎಲೆಮೂಗಿನ ಬಾವಲಿಗೆ ವಿಜ್ಞಾನದ ಹೆಸರು ಸಿಕ್ಕಿದ್ದು 1994ರಲ್ಲಿ. ಈಗ ಜಗತ್ತಿನಲ್ಲಿ ಬೇರೆಲ್ಲೂ ಅದು ಕಂಡಿಲ್ಲ, ಉಳಿದಿರುವುದು ಇನ್ನೂರಕ್ಕಿಂತ ಕಡಿಮೆ. ಕಲ್ಲುಗಣಿಗಾರಿಕೆ ಅದರ ಬಾಗಿಲವರೆಗೂ ಬಂದಿತ್ತು. ಪಿಲ್ಬರಾದ ಪ್ಲಾನಿಗೇಲ್‌ಗೆ ಕೇಳಿದ ಪ್ರಶ್ನೆಗಳನ್ನೇ ಇದಕ್ಕೂ ಕೇಳಬೇಕು: ನಿನ್ನ ಹತ್ತಿರದ ನಂಟ ಯಾರು, ಯಾವಾಗ ಬೇರೆಯಾದೆ, ನಿಮ್ಮೊಳಗೆ ಎಷ್ಟು ವೈವಿಧ್ಯ ಉಳಿದಿದೆ? ಉಪಕರಣ ಅದೇ, ಲೆಕ್ಕ ಅದೇ. ಅಂದ ಹಾಗೆ ಆ ಬಾವಲಿ ನಿಮ್ಮ ಸುಂಡಿಲಿಗೆ ಇಲಿಗಿಂತ ಹತ್ತಿರದ ನಂಟ.

ವಿಷದ ಬಗ್ಗೆ ಎರಡೇ ಮಾತು. ಇಲಿಪಾಷಾಣದ ಕಾಳನ್ನು ಸುಂಡಿಲಿ ಇಲಿಯಂತೆ ಮುಕ್ಕುವುದಿಲ್ಲ, ಅದಕ್ಕೆ ಬೇಕಾದದ್ದು ಹುಳಹುಪ್ಪಟೆ. ವಿಷ ತಿಂದ ಇಲಿಯನ್ನು ತಿಂದು ಬೆಕ್ಕು, ಗೂಬೆ ಸಾಯಬಹುದು. ಕೀಟನಾಶಕದ ಪುಡಿಯಂತೂ ಹುಳುಮನೆಯ ಹತ್ತಿರ ಸುಳಿಯಲೇಬಾರದು, ನಿಮಗೆ ನಾನು ಹೇಳಬೇಕಿಲ್ಲ. ಸುಂಡಿಲಿ ಜಿರಲೆ ತಿನ್ನುತ್ತದೆ ನಿಜ, ಆದರೆ ಕೈಗೆಟುಕಿದರೆ ರೇಷ್ಮೆ ಹುಳುವನ್ನೂ ಬಿಡುವುದಿಲ್ಲ. ಅದನ್ನು ರೈತಮಿತ್ರ ಎಂದು ಹೊಗಳಿ ನಿಮಗೆ ನಷ್ಟ ಮಾಡಲಾರೆ. ಅದು ನೆಲದ ಪ್ರಾಣಿ, ಗೋಡೆಯಂಚು ಬಿಟ್ಟು ಕದಲುವುದು ಅಪರೂಪ. ಮುಂದಿನ ಚಾಕಿ (ಮರಿಹುಳು) ತರುವ ಮೊದಲು ಬಾಗಿಲ ಕೆಳಗಿನ ಸಂದಿಗೆ ತಗಡಿನ ಪಟ್ಟಿ ಹೊಡೆಸಿ, ನೀರು ಹೋಗುವ ತೂತಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ, ಸ್ಟ್ಯಾಂಡಿನ ಕೆಳಗೆ ಬಿದ್ದ ಹುಳು ಮತ್ತು ಕಸವನ್ನು ಸಂಜೆಯೇ ಗುಡಿಸಿ. ಮರಿಗಳು ಒಳಗೇ ಇದ್ದರೆ ಸಂದಿ ಮುಚ್ಚುವ ಮೊದಲು ಒಂದು ರಾತ್ರಿ ಬಾಗಿಲು ತೆರೆದಿಡಿ. ರೈಲು ತಾನಾಗಿ ಹೊರಟುಹೋಗುತ್ತದೆ.